ನಕ್ಕವರಲ್ಲಿ ನಾನೂ ಒಬ್ಬ

(ಅಂಕಣ: ನಮ್ಮ ನಿಮ್ಮ ನಡುವೆ)



ಈ ಸಲದ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಸದಸ್ಯನಾಗಿರುವ ಸಂಸ್ಥೆಯೊಂದರ ವಾರ್ಷಿಕ ಮಹಾಸಭೆ. ಸಂಸ್ಥೆಯ ಹೆಸರು ಬೇಡ. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ, ನಿಮ್ಮದೇ ಸಂಘವೆಂದು ತಿಳಿದುಕೊಂಡರೂ ಅಡ್ಡಿಯಿಲ್ಲ. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಮುಚ್ಚುತ್ತಿರುವ ಬಗ್ಗೆ ಮನವಿಪತ್ರ ಕೊಡಲು ಐದು ಮಂದಿಯ ನಿಯೋಗವನ್ನು ಆರಿಸಬೇಕಿತ್ತು. ಸಭೆಯಲ್ಲಿ ಯಾರೋ ಒಬ್ಬರು ನಮ್ಮ ಒಬ್ಬ ಸದಸ್ಯೆಯ ಹೆಸರು ಸೂಚಿಸಿದರು. ಆಕೆ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ಅಧಿಕಾರಿಯಾಗಿ ನಿವೃತ್ತರಾದವರು. ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಮನವಿಪತ್ರದ ಅಂಕಿ ಅಂಶಗಳನ್ನೆಲ್ಲ ಶಾಲೆ ಶಾಲೆಗೆ ಹೋಗಿ ಬರೆದುಕೊಂಡು ಬಂದವರೂ ಆಕೆಯೇ.

ಆಗ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, "ಅಕ್ಕನವರು ಕೋಟಿಗಟ್ಟಲೆ ಲೆಕ್ಕ ನೋಡಿರಬಹುದು. ಆದರೆ ಕಚೇರಿಯಿಂದ ಕಚೇರಿಗೆ ಮೆಟ್ಟಿಲು ಹತ್ತುವಾಗ ಸೀರೆಯ ನೆರಿಗೆ ಅಡ್ಡ ಬಂದೀತು, ನೋಡಿಕೊಳ್ಳಿ" ಅಂದರು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅಕ್ಕನೂ ಸಣ್ಣಗೆ ನಕ್ಕು ಕುಳಿತರು. ಐದು ಮಂದಿ ಗಂಡಸರ ನಿಯೋಗ ಸರ್ವಾನುಮತದಿಂದ ಆಯ್ಕೆಯಾಯಿತು. ಆ ಐವರಲ್ಲಿ ನಾನೂ ಒಬ್ಬ.

ನಿಯೋಗ ಹೋದ ದಿನ ಏನಾಯಿತೆಂದು ಕೇಳಿ. ಆ ಅಧಿಕಾರಿಗಳು ಸಭ್ಯರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಪತ್ರವನ್ನು ಗಮನವಿಟ್ಟು ಓದಿದರು. ಆಮೇಲೆ, "ಏಳನೆಯ ತರಗತಿಯಿಂದ ಎಂಟನೆಯದಕ್ಕೆ ಹೋಗುವಾಗ ಎಷ್ಟು ಮಕ್ಕಳು ಮಾಧ್ಯಮ ಬದಲಿಸುತ್ತಾರೆ?" ಎಂದು ಒಂದೇ ಪ್ರಶ್ನೆ ಕೇಳಿದರು. ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಬಲ್ಲವರು ಆ ಹೊತ್ತಿನಲ್ಲಿ ಸಂಘದ ಸಭಾಗೃಹದಲ್ಲಿದ್ದರು. ಸಂಜೆಯ ಕಾರ್ಯಕ್ರಮಕ್ಕೆ ರಂಗೋಲಿ ಹಾಕಿಸುತ್ತಿದ್ದರು.

ಮರಳಿ ಬಂದು ವಿಷಯ ಹೇಳಿದಾಗ ಅಕ್ಕ ಸಂಖ್ಯೆಯನ್ನು ಬಾಯಿಪಾಠದಲ್ಲೇ ಹೇಳಿಬಿಟ್ಟರು. ಆಮೇಲೆ ತಣ್ಣಗೆ, "ರಾಯರೇ, ಆ ಹಿರಿಯರು ಅಂದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಬ್ಯಾಂಕಿನಲ್ಲಿ ಅಂಥದ್ದು ಬೇಕಾದಷ್ಟು ಕೇಳಿದ್ದೇನೆ. ನಿಮ್ಮಲ್ಲಿ ಒಬ್ಬರಾದರೂ ನಗದೆ ಇರುತ್ತೀರಿ ಅಂದುಕೊಂಡಿದ್ದೆ" ಎಂದರು.

ಓದುಗರೇ, ಅಂದಿನಿಂದ ರಾಜಕೀಯದಲ್ಲಾಗಲಿ ವ್ಯಾಪಾರ ವಲಯದಲ್ಲಾಗಲಿ ಹೆಂಗಸರ ಬಗ್ಗೆ ಹಗುರ ಮಾತಿನ ಸುದ್ದಿ ಬಂದರೆ ನಾನು ಮಾತಾಡಿದವನನ್ನು ಮಾತ್ರ ನೋಡುವುದಿಲ್ಲ, ಸುತ್ತ ಯಾರು ನಕ್ಕರು ಎಂದೂ ನೋಡುತ್ತೇನೆ.

2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಸದನದ ಗದ್ದಲದ ಬಗ್ಗೆ ಮಾತು ನಡೆದಿತ್ತು. ಹಿಂದೆ ಸಭಾಧ್ಯಕ್ಷರೇ ಆಗಿದ್ದ ಹಿರಿಯ ಶಾಸಕರೊಬ್ಬರು ಅತ್ಯಾಚಾರವನ್ನು ಉಪಮೆಯಾಗಿಟ್ಟುಕೊಂಡು ಒಂದು ಮಾತು ಆಡಿದರು. ಆ ಮಾತನ್ನು ಇಲ್ಲಿ ಮತ್ತೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ಪೀಠದಲ್ಲಿ ಕುಳಿತವರೂ ನಕ್ಕರು. ಮಾತಾಡಿದವರು ಒಂದು ಪಕ್ಷ, ಪೀಠದಲ್ಲಿದ್ದವರು ಎದುರು ಪಕ್ಷ. ಬೇರೆ ಯಾವ ವಿಷಯದಲ್ಲೂ ಒಂದಾಗದವರು ಆ ನಗೆಯಲ್ಲಿ ಒಂದಾದರು. ಮರುದಿನ ಆ ಶಾಸಕರು ಸದನದಲ್ಲೇ ಕ್ಷಮೆ ಕೇಳಿದರು. ಅವರದೇ ಪಕ್ಷದ ಶಾಸಕಿಯರು ಪ್ರತಿಭಟಿಸಿದ್ದರು. ಆದರೆ ನಕ್ಕದ್ದಕ್ಕೆ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಇನ್ನೊಂದು ಪ್ರಸಂಗ 2024ರ ಲೋಕಸಭಾ ಚುನಾವಣೆಯದು. ದಾವಣಗೆರೆಯಲ್ಲಿ ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ ನಿಂತಿದ್ದರು. ಆಕೆಗೆ ಸಾರ್ವಜನಿಕವಾಗಿ ಮಾತಾಡಲು ಬರುವುದಿಲ್ಲ, ಮನೆಯಲ್ಲಿ ಅಡುಗೆ ಮಾಡಲಿಕ್ಕಷ್ಟೇ ಲಾಯಕ್ಕು ಎಂಬರ್ಥದ ಮಾತನ್ನು ಕಾಂಗ್ರೆಸ್ಸಿನ ಅತಿ ಹಿರಿಯ ಶಾಸಕರೊಬ್ಬರು ಆಡಿದರು. ಸ್ವಾರಸ್ಯವೆಂದರೆ, ಆ ಚುನಾವಣೆಯಲ್ಲಿ ಗೆದ್ದವರೂ ಹೆಂಗಸೇ, ಅದೇ ಹಿರಿಯರ ಸೊಸೆ ಪ್ರಭಾ ಮಲ್ಲಿಕಾರ್ಜುನ. ತಮ್ಮ ಮನೆಯ ಹೆಣ್ಣುಮಗಳು ದಿಲ್ಲಿಗೆ ಹೋಗಬಹುದು, ಎದುರು ಮನೆಯವಳು ಮಾತ್ರ ಒಲೆಯ ಮುಂದೆ ಇರಬೇಕು!

ಈ 'ಅಡುಗೆಗೆ ಲಾಯಕ್ಕು' ಎಂಬ ಮಾತನ್ನು ಮುಂಬಯಿಯ ಕನ್ನಡಿಗರಾದ ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಈ ಊರಿನಲ್ಲಿ ನಮ್ಮವರು ಹೆಸರು ಮಾಡಿದ್ದೇ ಅಡುಗೆಯಿಂದ. ಉಡುಪಿ ಹೋಟೆಲುಗಳ ಭಟ್ಟರು, ಮಾಣಿಗಳು, ಗಲ್ಲಾದಲ್ಲಿ ಕೂತವರು, ಎಲ್ಲರೂ ಗಂಡಸರೇ. ಗಂಡಸು ಸಾಂಬಾರು ಕುದಿಸಿದರೆ ಅದು ಉದ್ಯಮ. ಅವನಿಗೆ ಸಂಘ ಸನ್ಮಾನ ಮಾಡುತ್ತದೆ, ಹಾರ ಹಾಕಿ ಫಲತಾಂಬೂಲ ಕೊಡುತ್ತದೆ. ಅದೇ ಸಾಂಬಾರನ್ನು ಹೆಂಗಸು ಮನೆಯಲ್ಲಿ ನಲವತ್ತು ವರ್ಷ ಕುದಿಸಿದರೆ, ಆಕೆಯನ್ನು ಹೀಗಳೆಯಲಿಕ್ಕೆ ಅದೊಂದು ಮಾತಾಗುತ್ತದೆ. ಅಡುಗೆ ಎರಡೂ ಕಡೆ ಒಂದೇ. ಮಾಡುವವರು ಯಾರೆಂಬುದರ ಮೇಲೆ ಅದರ ಬೆಲೆ ಕಟ್ಟುತ್ತೇವೆ.

ಇನ್ನು ವ್ಯವಸ್ಥೆಯ ಮಾತಿಗೆ ಬರೋಣ. ನಗೆಯ ಕೆಲಸ ಬಾಗಿಲಲ್ಲಿ ತಡೆಯುವುದು. ಅದನ್ನೂ ದಾಟಿ ಒಳಗೆ ಬಂದ ಹೆಂಗಸರಿಗೆ ಪಕ್ಕದ ಕೋಣೆ ತೋರಿಸಲಾಗುತ್ತದೆ.

ರಾಜಕೀಯ ಪಕ್ಷಗಳಲ್ಲಿ ಆ ಕೋಣೆಯ ಹೆಸರು ಮಹಿಳಾ ಘಟಕ. ಪ್ರಚಾರಕ್ಕೆ, ಮೆರವಣಿಗೆಗೆ, ಪೂರ್ಣಕುಂಭಕ್ಕೆ ಘಟಕ ಬೇಕು. ಟಿಕೆಟ್ ಹಂಚುವ ರಾತ್ರಿ ಅದರ ನೆನಪಾಗುವುದಿಲ್ಲ. 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ನಾವಿರುವ ಮಹಾರಾಷ್ಟ್ರವೂ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಇಲ್ಲಿ 2024ರಲ್ಲಿ 288ರ ಪೈಕಿ 21. ಎರಡೂ ರಾಜ್ಯಗಳಲ್ಲಿ ಮತದಾರರ ಪಟ್ಟಿ ತೆರೆದರೆ ಹೆಚ್ಚುಕಡಿಮೆ ಅರ್ಧ ಹೆಂಗಸರ ಹೆಸರೇ.

ಮಂತ್ರಿಮಂಡಲದಲ್ಲಿ ಪಕ್ಕದ ಕೋಣೆಯೂ ಇಲ್ಲ, ಒಂದು ಕುರ್ಚಿ ಮಾತ್ರ. ಆ ಕುರ್ಚಿಯ ಖಾತೆಯೂ ಮೊದಲೇ ಗೊತ್ತು. 2013ರಲ್ಲಿ ಉಮಾಶ್ರೀ, 2018ರಲ್ಲಿ ಜಯಮಾಲಾ, 2019ರಲ್ಲಿ ಶಶಿಕಲಾ ಜೊಲ್ಲೆ, 2023ರಲ್ಲಿ ಲಕ್ಷ್ಮೀ ಹೆಬ್ಬಾಳಕರ. ಪಕ್ಷಗಳು ಬೇರೆ, ಮುಖ್ಯಮಂತ್ರಿಗಳು ಬೇರೆ, ಖಾತೆ ಮಾತ್ರ ಒಂದೇ, ಮಹಿಳಾ ಮತ್ತು ಮಕ್ಕಳ ಕಲ್ಯಾಣ. 2023ರಲ್ಲಿ ರಚನೆಯಾದ 34 ಮಂದಿಯ ಸಂಪುಟದಲ್ಲಿ ಹೆಂಗಸು ಒಬ್ಬರೇ. ಆ ಖಾತೆ ಕೀಳೆಂದು ನಾನು ಹೇಳುತ್ತಿಲ್ಲ. ಅಂಗನವಾಡಿಯ ಮಗುವಿನ ಮೊಟ್ಟೆ ಯಾವ ಮೇಲುಸೇತುವೆಗೂ ಕಡಿಮೆಯಲ್ಲ. ಆದರೆ ಹಣಕಾಸು, ಕಂದಾಯ, ನೀರಾವರಿ, ಲೋಕೋಪಯೋಗಿಗಳನ್ನು ಹಂಚುವಾಗ ಹೆಂಗಸಿನ ಹೆಸರು ಯಾರ ಬಾಯಿಗೂ ಏಕೆ ಬರುವುದಿಲ್ಲ? ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ಸದನ ನಡೆಸಿದರು. ಅವರ ನಂತರದ ನಾಲ್ಕು ದಶಕಗಳಿಗೂ ಮಿಕ್ಕಿದ ಕಾಲದಲ್ಲಿ ಆ ಪೀಠಕ್ಕೆ ಇನ್ನೊಬ್ಬ ಹೆಣ್ಣುಮಗಳನ್ನು ನಾವು ಆರಿಸಲಿಲ್ಲ.

ಒಂದು ಕುರ್ಚಿಯನ್ನು ದಾಟಿ ಹೋದವರಿಗೆ ಏನಾಗುತ್ತದೆ? 2009ರ ಗಣಿ ಧಣಿಗಳ ಬಂಡಾಯ ನೆನಪಿಸಿಕೊಳ್ಳಿ. ಶೋಭಾ ಕರಂದ್ಲಾಜೆ ಆಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಹಣವೂ ಅಧಿಕಾರವೂ ಹಳ್ಳಿಹಳ್ಳಿಗೆ ಹರಿಯುವ ದೊಡ್ಡ ಖಾತೆ. ಬಳ್ಳಾರಿಯ ರೆಡ್ಡಿ ಸಹೋದರರು ಶಾಸಕರನ್ನು ಹೈದರಾಬಾದಿನ ರೆಸಾರ್ಟಿಗೆ ಸೇರಿಸಿ ಯಡಿಯೂರಪ್ಪನವರ ಸರಕಾರವನ್ನು ಅಲುಗಾಡಿಸಿದರು. ಕಬ್ಬಿಣದ ಅದಿರಿನ ವ್ಯಾಪಾರ ಮಂತ್ರಿಮಂಡಲದೊಳಗೇ ಬಂದು ಕುಳಿತಿದ್ದ ಕಾಲ ಅದು. ಕೊನೆಗೆ ರಾಜಿಯಾಯಿತು. ಆ ರಾಜಿಯ ಬೆಲೆಯಾಗಿ 2009ರ ನವೆಂಬರಿನಲ್ಲಿ ಶೋಭಾ ರಾಜೀನಾಮೆ ಕೊಡಬೇಕಾಯಿತು.

ಆಕೆಯ ಮೇಲೆ ಇದ್ದ ಮುಖ್ಯ ದೂರು ಏನು ಗೊತ್ತೇ? ಮುಖ್ಯಮಂತ್ರಿಗಳ ಮೇಲೆ ಆಕೆಯ ಪ್ರಭಾವ ಹೆಚ್ಚು, ಎಲ್ಲದರಲ್ಲೂ ಕೈಯಾಡಿಸುತ್ತಾರೆ ಎಂಬುದು. ಪ್ರತಿಯೊಬ್ಬ ಮುಖ್ಯಮಂತ್ರಿಯ ಸುತ್ತ ಪ್ರಭಾವ ಉಳ್ಳ ಗಂಡಸರು ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಪತ್ರಿಕೆಗಳು ಅವರನ್ನು ಬಲಗೈ ಬಂಟ, ಚಾಣಕ್ಯ ಎಂದು ಹೊಗಳಿ ಬರೆಯುತ್ತವೆ. ಅದೇ ಪ್ರಭಾವ ಹೆಂಗಸಿಗೆ ಇದ್ದರೆ ಕಟ್ಟೆಯ ಮೇಲಿನ ಪಿಸುಮಾತಾಗುತ್ತದೆ. ಆಕೆಯ ರಾಜಕೀಯ ನನಗೆ ಒಪ್ಪಿಗೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. 2010ರಲ್ಲಿ ಆಕೆ ಇಂಧನ ಮಂತ್ರಿಯಾಗಿ ಮರಳಿದರು, ಮುಂದೆ ಕೇಂದ್ರದಲ್ಲೂ ಮಂತ್ರಿಯಾದರು. ಆದರೆ ಅಂದು ಸರಕಾರ ಉಳಿಸಿಕೊಳ್ಳಲು ಬಲಿ ಬೇಕಾದಾಗ ಸಂಪುಟದಲ್ಲಿದ್ದ ಹೆಣ್ಣುಮಗಳೇ ಸುಲಭವಾಗಿ ಸಿಕ್ಕಳು ಎಂಬುದನ್ನು ಮರೆಯಬಾರದು. ಇನ್ನೊಂದನ್ನೂ ಗಮನಿಸಿ. ನಮ್ಮ ರಾಜ್ಯಗಳ ದೊಡ್ಡ ತೀರ್ಮಾನಗಳು ರೆಸಾರ್ಟುಗಳಲ್ಲಿ ಮಧ್ಯರಾತ್ರಿ, ಗ್ಲಾಸುಗಳ ನಡುವೆ ಆಗುವುದಾದರೆ, ಅಲ್ಲಿಗೆ ಹೋಗುವ ಹೆಂಗಸಿಗೆ ಒಂದು ಹೆಸರು, ಹೋಗದವಳಿಗೆ ಸೋಲು. ಎರಡರಲ್ಲಿ ಯಾವುದನ್ನು ಆರಿಸಬೇಕು ಹೇಳಿ?

ಉದ್ಯಮ ವಲಯದ ಕಥೆಯೂ ಹೀಗೆಯೇ. ವ್ಯಾಪಾರಿಗಳು ಸರಕಾರದ ಮೇಲೆ ಪ್ರಭಾವ ಬೀರುವುದು ವಾಣಿಜ್ಯ ಮಂಡಳಿಗಳ ಮೂಲಕ. ಮುಂಗಡಪತ್ರಕ್ಕೆ ಮೊದಲು ಮಂತ್ರಿಗಳು ಕರೆಯುವ ಸಭೆ, ಕೈಗೆ ಕೊಡುವ ಮನವಿಪತ್ರ, ಆಮೇಲಿನ ಊಟ. ತೆರಿಗೆ ಎಷ್ಟು, ಜಮೀನು ಎಲ್ಲಿ, ಕಾರ್ಮಿಕ ಕಾನೂನು ಹೇಗೆ ಎಂಬುದು ಅಲ್ಲಿ ರೂಪ ಪಡೆಯುತ್ತದೆ. ನಮ್ಮ ದೇಶದ ದೊಡ್ಡ ಮಂಡಳಿಗಳನ್ನು ನೋಡಿ. ಅಸೋಚಾಮ್ ಹುಟ್ಟಿದ್ದು 1920ರಲ್ಲಿ; ಮೊದಲ ಮಹಿಳಾ ಅಧ್ಯಕ್ಷೆ ಸ್ವಾತಿ ಪಿರಾಮಲ್ ಬಂದದ್ದು 2009ರಲ್ಲಿ. ಫಿಕ್ಕಿ ಹುಟ್ಟಿದ್ದು 1927ರಲ್ಲಿ. ನೈನಾ ಲಾಲ್ ಕಿದ್ವಾಯಿ ಅಧ್ಯಕ್ಷೆಯಾಗಿದ್ದು 2013ರಲ್ಲಿ. ಭಾರತೀಯ ಉದ್ಯಮ ಒಕ್ಕೂಟಕ್ಕೆ, ಅಂದರೆ ಸಿಐಐಗೆ, ಶೋಭನಾ ಕಾಮಿನೇನಿ ಬಂದದ್ದು 2017ರಲ್ಲಿ. ಮೊದಲೆರಡು ಕಡೆ ಎಂಬತ್ತು ತೊಂಬತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಪಕ್ಕದ ಕೋಣೆ ಇತ್ತಲ್ಲ! ನಮ್ಮ ಮುಂಬಯಿಯ ಇಂಡಿಯನ್ ಮರ್ಚೆಂಟ್ಸ್ ಚೇಂಬರ್ 1966ರಲ್ಲಿ ಮಹಿಳಾ ವಿಭಾಗ ತೆರೆಯಿತು, ಫಿಕ್ಕಿ 1983ರಲ್ಲಿ ತೆರೆಯಿತು. ಅವುಗಳಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರವಾಗಿದೆ, ಅಲ್ಲಗಳೆಯುವಂತಿಲ್ಲ. ಅದೇ 1983ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳು ಸೇರಿ 'ಅವೇಕ್' ಸಂಸ್ಥೆ ಕಟ್ಟಿದರು. ಮುಖ್ಯ ಸಭಾಗೃಹದ ಬಾಗಿಲು ತೆರೆಯುವುದನ್ನು ಕಾಯುತ್ತ ಕೂರದೆ ತಮ್ಮದೇ ಮನೆ ಕಟ್ಟಿಕೊಂಡರು.

ಕಿರಣ್ ಮಜುಂದಾರ್ ಷಾ ಅವರ ಕಥೆ ನಿಮಗೆಲ್ಲ ಗೊತ್ತಿದೆ. ಮದ್ಯ ತಯಾರಿಕೆಯ ವಿದ್ಯೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು ಬಂದರೆ ಇಲ್ಲಿ ಅದು ಗಂಡಸರ ಕೆಲಸವೆಂದು ಯಾರೂ ನೌಕರಿ ಕೊಡಲಿಲ್ಲ. 1978ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು, ಹೆಂಗಸಿನ ಕೈಕೆಳಗೆ ದುಡಿಯಲು ಜನ ಹಿಂಜರಿದರು. ಇದನ್ನು ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ಅವರು ಗೆದ್ದರು, ನಾವು ಚಪ್ಪಾಳೆ ತಟ್ಟುತ್ತೇವೆ. ಹಾಗೆಯೇ ಹಿಂಜರಿಕೆಗೆ ಸಿಕ್ಕಿ ಸಾಲ ಸಿಗದೆ ಮನೆಗೆ ಮರಳಿದವರ ಪಟ್ಟಿಯನ್ನು ಯಾರೂ ಇಟ್ಟಿಲ್ಲ.

ಇದರಿಂದ ನಷ್ಟ ಏನು ಎಂದು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಹೆಂಗಸರು ಸಂಜೆ ಏಳರಿಂದ ಬೆಳಗಿನ ಆರರವರೆಗೆ ಕಾರ್ಖಾನೆಯಲ್ಲಿ ದುಡಿಯಬಾರದೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕರ್ನಾಟಕ ಸರಕಾರ 2019ರಲ್ಲಿ ಷರತ್ತುಗಳೊಡನೆ ಅದನ್ನು ಸಡಿಲಿಸಿತು. 2023ರ ಫೆಬ್ರವರಿಯಲ್ಲಿ, ಉದ್ಯಮಗಳ ಬೇಡಿಕೆಯ ಹಿನ್ನೆಲೆಯಲ್ಲಿ, ವಿಧಾನಮಂಡಲ ಕಾಯ್ದೆಗೇ ತಿದ್ದುಪಡಿ ತಂದಿತು. ರಾತ್ರಿ ಪಾಳಿಯ ಜೊತೆಗೆ ವಾರದ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸುವ ಅವಕಾಶವೂ ಬಂತು. ರಾತ್ರಿ ಪಾಳಿ ಹೆಂಗಸರಿಗೆ ಬೇಕೋ ಬೇಡವೋ? ಬೇಕು ಎನ್ನುವವರಿದ್ದಾರೆ, ಏಕೆಂದರೆ ನಿಷೇಧದ ಹೆಸರಿನಲ್ಲಿ ಒಳ್ಳೆಯ ಸಂಬಳದ ಕೆಲಸಗಳು ಕೈತಪ್ಪುತ್ತಿದ್ದವು. ಹನ್ನೆರಡು ಗಂಟೆ ದುಡಿದು ಬಂದು ಮನೆಯಲ್ಲಿ ಮತ್ತೆ ಒಲೆ ಹಚ್ಚುವವಳು ಯಾರೆಂದು ಕೇಳುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಸತ್ಯವಿದೆ. ಆದರೆ ಹೆಂಗಸರ ರಾತ್ರಿಯನ್ನು ಕುರಿತ ಈ ತೀರ್ಮಾನವನ್ನು ಕೈಗೊಂಡ 224 ಸ್ಥಾನಗಳ ಸಭೆಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟೇ ಇದ್ದರು. ಆ ವಾಣಿಜ್ಯ ಮಂಡಳಿಗಳಲ್ಲಿ ಮೇಲಿನ ಸಾಲಿನವರು ಬಹುಪಾಲು ಗಂಡಸರೇ.

ಒಳಗೆ ಕುರ್ಚಿ ಇಲ್ಲದವರು ಏನು ಮಾಡುತ್ತಾರೆ? ಬೀದಿಗೆ ಬರುತ್ತಾರೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆ, ಮೈಸೂರು ರಸ್ತೆ ತುಂಬಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷವಾಗುವವರೆಗೆ ತೆಗೆಯಕೂಡದೆಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. ಮೂವತ್ತೈದು ನಲವತ್ತಕ್ಕೇ ಬೆನ್ನು, ಕಣ್ಣು ಸೋತು ಕೆಲಸ ಬಿಡುವವರಿಗೆ ಆ ಹಣವೇ ಮಗಳ ಮದುವೆ, ಆ ಹಣವೇ ಮನೆಯ ಮುಂಗಡ. ನಿಯಮ ಬರೆದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ. ಯಾವ ದೊಡ್ಡ ನಾಯಕನೂ ಕರೆ ಕೊಡದೆ ಹುಟ್ಟಿದ ಪ್ರತಿಭಟನೆ ಅದು. ಲಾಠಿ ಬೀಸಿತು, ಬಸ್ಸುಗಳು ಉರಿದವು. ಎರಡನೆಯ ದಿನದ ಸಂಜೆಯೊಳಗೆ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನಿಯಮ ಬರೆಯುವ ಮೊದಲು ಆ ಕಾರ್ಖಾನೆಗಳ ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿದ್ದರೆ ಅಷ್ಟು ಬೆಂಕಿಯ ಅಗತ್ಯವಿತ್ತೇ?

ಕಾನೂನು ಮಾಡಿ ಕುರ್ಚಿ ಕೊಡಿಸಿದರೆ ಸಾಲದೇ ಎಂದೂ ಕೇಳಬಹುದು. ಬೇಕು, ಆದರೆ ಸಾಲದು. ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಇತಿಹಾಸವಿದೆ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಶೇಕಡಾ 25 ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೊದಲ ಸಲ ಪಂಚಾಯತಿ ಕಟ್ಟೆ ಹತ್ತಿದರು. ಸಂವಿಧಾನದ 73ನೆಯ ತಿದ್ದುಪಡಿಯಿಂದ ಇಡೀ ದೇಶಕ್ಕೆ ಮೂರನೆಯ ಒಂದು ಭಾಗದ ಮೀಸಲಾತಿ ಬಂದದ್ದು ಆರು ವರ್ಷಗಳ ನಂತರ, 1993ರಲ್ಲಿ. ಕರ್ನಾಟಕ 2010ರಲ್ಲಿ, ಮಹಾರಾಷ್ಟ್ರ 2011ರಲ್ಲಿ ಅದನ್ನು ಅರ್ಧಕ್ಕೇರಿಸಿದವು.

ಆದರೆ ಊರಿಗೆ ಹೋದಾಗ ನೀವೂ ನೋಡಿರುತ್ತೀರಿ. ಕಚೇರಿಯ ಫಲಕದಲ್ಲಿ ಅಧ್ಯಕ್ಷೆಯ ಹೆಸರು, ಕುರ್ಚಿಯಲ್ಲಿ ಅಧ್ಯಕ್ಷೆಯ ಗಂಡ. ಇಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಅವನಿಗೆ 'ಸರಪಂಚ ಪತಿ' ಎಂದೇ ಹೆಸರು. ಹಳ್ಳಿಯವರು ಅನಕ್ಷರಸ್ಥರು, ಹಾಗಾಗಿ ಹೀಗೆ ಎಂದು ಪಟ್ಟಣದವರು ಮೂಗು ಮುರಿಯುತ್ತೇವೆ. ಸ್ವಲ್ಪ ತಡೆಯಿರಿ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಲೇಬೇಕೆಂದಿತು. ಷೇರುಪೇಟೆಯ ಕಂಪನಿಗಳಿಗೆ ಸೆಬಿ 2015ರ ಏಪ್ರಿಲ್ 1ರ ಗಡುವು ಕೊಟ್ಟಿತು. ಗಡುವು ಹತ್ತಿರವಾದಂತೆ ನಮ್ಮ ದಲಾಲ್ ಸ್ಟ್ರೀಟಿನ ಎಷ್ಟೋ ಕಂಪನಿಗಳ ಮಾಲೀಕರಿಗೆ ತಮ್ಮ ಮನೆಯಲ್ಲೇ ಪ್ರತಿಭೆ ಕಂಡಿತು: ಹೆಂಡತಿ, ಮಗಳು, ಸೊಸೆ, ಅತ್ತಿಗೆ. ಕೊನೆಗೆ ಸೆಬಿಯೇ ದೊಡ್ಡ ಕಂಪನಿಗಳಿಗೆ 'ಸ್ವತಂತ್ರ' ಮಹಿಳಾ ನಿರ್ದೇಶಕಿ ಬೇಕೆಂದು 2019, 2020ರಲ್ಲಿ ನಿಯಮ ಬಿಗಿಮಾಡಬೇಕಾಯಿತು. ಪಂಚಾಯತಿ ಕಟ್ಟೆಗೂ ಹವಾನಿಯಂತ್ರಿತ ಸಭಾಕೋಣೆಗೂ ಏನು ವ್ಯತ್ಯಾಸ ಉಳಿಯಿತು?

ಶಾಸನಸಭೆಗಳ ಮೀಸಲಾತಿಯ ಕಥೆ ಇನ್ನೂ ಉದ್ದ. ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರ ಸೆಪ್ಟೆಂಬರ್ 12ರಂದು, ನಮ್ಮ ಹಾಸನದ ದೇವೇಗೌಡರು ಪ್ರಧಾನಿಯಾಗಿದ್ದಾಗ. 1998ರಲ್ಲಿ ಕಾನೂನು ಮಂತ್ರಿಗಳ ಕೈಯಿಂದಲೇ ಅದರ ಪ್ರತಿಯನ್ನು ಕಿತ್ತುಕೊಂಡದ್ದನ್ನು ದೇಶ ನೋಡಿತು. 2010ರ ಮಾರ್ಚ್ 9ರಂದು ರಾಜ್ಯಸಭೆ ಒಪ್ಪಿತು, ಲೋಕಸಭೆಗೆ ಬರಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ಬಂದಾಗ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ 2 ಮತ. ಇಪ್ಪತ್ತೇಳು ವರ್ಷ! ಅಂದು ಹುಟ್ಟಿದ ಹೆಣ್ಣುಮಗು ಶಾಸಕಿಯಾಗುವ ವಯಸ್ಸು ದಾಟಿತ್ತು. ಅಂಗೀಕಾರದ ಹೊತ್ತಿಗೂ ಜನಗಣತಿ ಆಗಬೇಕು, ಕ್ಷೇತ್ರ ಮರುವಿಂಗಡಣೆ ಆಗಬೇಕು ಎಂಬ ಷರತ್ತು ಕಾಯ್ದೆಯೊಳಗೇ ಇತ್ತು. ಎಲೆ ಹಾಕಿ ನೀರು ಚಿಮುಕಿಸಿ, ಅನ್ನ ಆಮೇಲೆ ಎಂದ ಹಾಗೆ.

"ಅವರಿಗೇ ಆಸಕ್ತಿ ಇಲ್ಲ ರಾಯರೇ, ಕರೆದರೆ ಬರುವುದಿಲ್ಲ" ಎಂದು ಕೆಲವರು ನನಗೆ ಹೇಳುವುದುಂಟು. ಇದನ್ನು ನಾನೂ ನಂಬಿದ್ದೆ. ಆಮೇಲೆ ನಮ್ಮ ಸಭೆಗಳ ಹೊತ್ತು ನೋಡಿದೆ. ಕಾರ್ಯಕಾರಿ ಸಮಿತಿ ಸೇರುವುದು ರಾತ್ರಿ ಎಂಟಕ್ಕೆ, ಮುಗಿಯುವುದು ಹತ್ತೂವರೆಗೆ. ಡೊಂಬಿವಲಿಗೆ ಹೋಗಬೇಕಾದ ಹೆಣ್ಣುಮಗಳು ಯಾವ ಲೋಕಲ್ ಹಿಡಿಯಬೇಕು, ಮನೆಯಲ್ಲಿ ಮಕ್ಕಳಿಗೆ ಬಡಿಸುವವರು ಯಾರು? ಬರಲಾಗದ ಹೊತ್ತಿಗೆ ಕರೆದು, ಬಂದವಳನ್ನು ನಕ್ಕು ಕೂರಿಸಿ, ಆಸಕ್ತಿಯಿಲ್ಲವೆಂದು ನಡಾವಳಿ ಬರೆದರೆ ಅದು ನ್ಯಾಯವೇ? ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಕಟ್ಟಿದವನು ಯಾರೋ, ಅವನ ಮನೆಯ ಲೆಕ್ಕವನ್ನು ಖಂಡಿತ ಹೆಂಡತಿಯೇ ನೋಡುತ್ತಿದ್ದಿರಬೇಕು.

ನವೆಂಬರ್ ಬಂತೆಂದರೆ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವ. ಛದ್ಮವೇಷ ಸ್ಪರ್ಧೆಯಲ್ಲಿ ಪುಟ್ಟ ಹುಡುಗಿಯರು ರಟ್ಟಿನ ಕತ್ತಿ ಹಿಡಿದು ಕಿತ್ತೂರು ಚೆನ್ನಮ್ಮ, ರಾಣಿ ಅಬ್ಬಕ್ಕ ಆಗುತ್ತಾರೆ. ಕಪ್ಪ ಕೊಡೆನೆಂದು ಗುಡುಗುತ್ತಾರೆ. ನಾವು ಕಣ್ತುಂಬಿ ಚಪ್ಪಾಳೆ ತಟ್ಟುತ್ತೇವೆ. ಅದೇ ಹುಡುಗಿ ಬೆಳೆದು ಓದಿ ಕೆಲಸಕ್ಕೆ ಸೇರಿ ಸಂಘಕ್ಕೆ ಬಂದರೆ, ಅವಳ ಕೈಗೆ ಕೊಡುವುದು ಆರತಿ ತಟ್ಟೆ. ವೇದಿಕೆಯಲ್ಲಿ ಪ್ರಾರ್ಥನೆ ಅವಳದು, ನಿರೂಪಣೆ ಅವಳದು, ವಂದನಾರ್ಪಣೆ ಅವಳದು. ನಡುವಿನ ಮಾತೆಲ್ಲ ನಮ್ಮದು. ಕತ್ತಿ ಎಲ್ಲಿ ಹೋಯಿತು?

ಆದ್ದರಿಂದ ಬರುವ ಮಹಾಸಭೆಗೆ ಮೊದಲು ನಾಲ್ಕು ಮಾತು ನಿಮ್ಮ ಮುಂದಿಡುತ್ತೇನೆ. ಒಪ್ಪಿಗೆಯಾಗದಿದ್ದರೆ ಪತ್ರ ಬರೆಯಿರಿ, ಜಗಳವಾಡೋಣ. ಒಂದು, ಉಪಾಧ್ಯಕ್ಷೆ ಎಂಬ ಅಲಂಕಾರದ ಹುದ್ದೆ ಸಾಕು, ಕೋಶಾಧಿಕಾರಿ ಮತ್ತು ಕಾರ್ಯದರ್ಶಿ ಸ್ಥಾನಗಳಿಗೆ ಹೆಣ್ಣುಮಕ್ಕಳ ಹೆಸರನ್ನು ಸೂಚಿಸಿ. ಎರಡು, ಸರಕಾರದ ಮುಂದೆ ಹೋಗುವ ಯಾವ ನಿಯೋಗದಲ್ಲೂ, ಮನವಿಯನ್ನು ಸಿದ್ಧಪಡಿಸಿದವರು ಇರಲೇಬೇಕು. ಮೂರು, ಸಭೆಗಳನ್ನು ಭಾನುವಾರ ಬೆಳಿಗ್ಗೆ ಇಡಿ, ಉಪ್ಪಿಟ್ಟಿನ ಜವಾಬ್ದಾರಿ ಗಂಡಸರಿಗಿರಲಿ. ನಾವು ಹೋಟೆಲ್ ನಡೆಸುವ ಜನ, ಉಪ್ಪಿಟ್ಟು ನಮಗೇನೂ ಕಷ್ಟವಲ್ಲ. ನಾಲ್ಕನೆಯದಕ್ಕೆ ಠರಾವು ಬೇಡ, ಖರ್ಚಿಲ್ಲ. ಯಾರಾದರೂ ಸೀರೆಯ ನೆರಿಗೆಯ ಹಾಸ್ಯ ಮಾಡಿದರೆ ನಗದೆ ಸುಮ್ಮನೆ ಕುಳಿತಿರಿ. ಹಾಸ್ಯಕ್ಕೆ ನಗು ಬರದಿದ್ದರೆ ಅದು ಅಲ್ಲೇ ಸಾಯುತ್ತದೆ.

ಕೆಲವು ತಿಂಗಳ ಹಿಂದೆ ನಾನು ಅಕ್ಕನ ಮನೆಗೆ ಹೋಗಿ ಮುಂದಿನ ನಿಯೋಗದ ನಾಯಕತ್ವ ವಹಿಸಿಕೊಳ್ಳಬೇಕೆಂದು ಕೇಳಿಕೊಂಡೆ. ಅಂದಿನ ನಗೆಗೆ ಕ್ಷಮೆಯನ್ನೂ ಕೇಳಿದೆ. ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನನ್ನ ವಯಸ್ಸು ಆಯಿತು ರಾಯರೇ. ಮೂವತ್ತು ದಾಟದ ನಾಲ್ಕು ಹುಡುಗಿಯರ ಹೆಸರು ಕೊಡುತ್ತೇನೆ, ಅವರನ್ನು ಕರೆಯಿರಿ. ನಾನು ಲೆಕ್ಕ ಹೇಳಿಕೊಡುತ್ತೇನೆ" ಎಂದರು. ಹೆಸರುಗಳನ್ನು ಬರೆದುಕೊಂಡು ಬಂದಿದ್ದೇನೆ. ಚೀಟಿ ನನ್ನ ಮೇಜಿನ ಮೇಲಿದೆ. ಮಹಾಸಭೆಯಲ್ಲಿ ಆ ಹೆಸರುಗಳನ್ನು ಸೂಚಿಸುವವನು ನಾನು. ಅನುಮೋದಿಸುವವರು ನಿಮ್ಮಲ್ಲಿ ಯಾರು?